ವಸಾಯಿಯ ಒಂದು ಕೆಸುವಿನ ಪಾತಿ: ನೀರಿನ ಮಟ್ಟ ಮತ್ತು ಜೊತೆಗಿಡಗಳ ಕುರಿತು ಒಂದು ಪ್ರಕರಣ ಅಧ್ಯಯನ

ಮುಂಬೈಯ ಪಶ್ಚಿಮ ರೈಲುಮಾರ್ಗದ ವಸಾಯಿ ರೋಡ್ ನಿಲ್ದಾಣದಲ್ಲಿ ಇಳಿದು ಹಳೆಯ ಕೋಟೆಯ ಕಡೆಗೆ ಹೋದರೆ, ಬಹುಮಹಡಿ ಕಟ್ಟಡಗಳ ಸಾಲು ಮುಗಿದು ಬಾಳೆ, ವೀಳ್ಯದೆಲೆ, ಮಲ್ಲಿಗೆಗಳ ವಾಡಿಗಳು (ತೋಟಗಳು) ಕಾಣತೊಡಗುವ ಕಡೆ ನನ್ನ ಅಕ್ಕ ಮತ್ತು ಭಾವನ ಮನೆಯಿದೆ. ಭಾವ ಕಾರ್ಕಳದ ಕಡೆಯವರು. ಸುಮಾರು ನಲವತ್ತು ವರ್ಷ ಮುಂಬೈಯ ಉಡುಪಿ ಹೋಟೆಲುಗಳಲ್ಲಿ ದುಡಿದು, ನಿವೃತ್ತರಾದ ಮೇಲೆ ಹಿತ್ತಿಲು ಇರುವ ಮನೆಯೇ ಬೇಕೆಂದು ಹಟ ಹಿಡಿದು ಅಲ್ಲಿ ನೆಲೆಸಿದವರು. ಮನೆಯ ಹಿಂದೆ ಒಂದು ಬಾವಿ, ಅದರಾಚೆ ಹನ್ನೆರಡು ಅಡಿ ಅಗಲ, ಮೂವತ್ತು ಅಡಿ ಉದ್ದದ ಇಳಿಜಾರು ಜಾಗ, ಇಳಿಜಾರಿನ ತುದಿಯಲ್ಲಿ ನೆರೆಯ ವಾಡಿಗೂ ಸೇರಿದ ಒಂದು ಬಾವಖಲ್. ವಸಾಯಿಯಲ್ಲಿ ಮಳೆನೀರು ಹಿಡಿದಿಡಲು ಹಿಂದಿನವರು ತೋಡಿದ ಕೆರೆಯಂಥ ಹೊಂಡಗಳಿಗೆ ಬಾವಖಲ್ ಎಂದು ಹೆಸರು. ಮಳೆಗಾಲದಲ್ಲಿ ತುಂಬಿದ ನೀರು ನಿಧಾನವಾಗಿ ಇಂಗಿ ಸುತ್ತಲಿನ ಬಾವಿಗಳನ್ನು ಸಿಹಿಯಾಗಿ ಇಡುತ್ತದೆ. ಇಂಥ ಅನೇಕ ಹೊಂಡಗಳನ್ನು ಮಣ್ಣು ತುಂಬಿಸಿ ಕಟ್ಟಡ ಕಟ್ಟಿದ್ದಾರೆ. ಅಕ್ಕನ ಮನೆಯ ಹಿಂದಿನದು ಉಳಿದುಕೊಂಡಿದೆ.

ಈ ಇಳಿಜಾರಿನಲ್ಲಿ 2021ರಿಂದ ನಾಲ್ಕು ಮಳೆಗಾಲ ಕೆಸು ಬೆಳೆದ ಕಥೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮುಂಬೈಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಕೆಸುವಿನ ಬಗ್ಗೆ ಪುಸ್ತಕದ ತಿಳಿವಳಿಕೆ ಸಾಕಷ್ಟಿತ್ತು. ಆದರೂ ಮೊದಲ ಎರಡು ವರ್ಷ ನಾವು ಸೋತೆವು. ಸೋತದ್ದು ಗಿಡದ ದೋಷದಿಂದಲ್ಲ, ಮಣ್ಣಿನ ದೋಷದಿಂದಲೂ ಅಲ್ಲ. ‘ಒದ್ದೆ ಜಾಗ’ ಎಂಬ ಒಂದೇ ಮಾತಿನಲ್ಲಿ ನಾವು ಮೂರು ನಾಲ್ಕು ಬೇರೆ ಬೇರೆ ಸ್ಥಿತಿಗಳನ್ನು ಕಲಸಿಬಿಟ್ಟಿದ್ದೆವು.

ಮೊದಲ ವರ್ಷ ಅಕ್ಕ ಮಾಡಿದ್ದು ಊರಿನ ರೂಢಿಯಂತೆಯೇ ಇತ್ತು. ತುಳುನಾಡಿನ ಮನೆಗಳಲ್ಲಿ ಬಚ್ಚಲ ನೀರು ಹರಿದು ಹೋಗುವ ಕಣಿಯ ಬದಿಯಲ್ಲಿ ಕೆಸು ಇದ್ದೇ ಇರುತ್ತದೆ. ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಪತ್ರೊಡೆಗೆ ಬೇಕಾದ ಎಲೆಯನ್ನು ಯಾರೂ ಪೇಟೆಯಿಂದ ತರುವುದಿಲ್ಲ. ಹಾಗಾಗಿ ಅಕ್ಕ ಬಚ್ಚಲು ಮತ್ತು ಬಟ್ಟೆ ಒಗೆಯುವ ಯಂತ್ರದ ನೀರು ಹೋಗಿ ನಿಲ್ಲುವ ತಗ್ಗಿನಲ್ಲಿ ಗಡ್ಡೆಗಳನ್ನು ಊರಿಸಿದರು. ಅರ್ಧ ಗಡ್ಡೆಗಳು ಊರಿನಿಂದ ತಂದ ಹಳೆಯ ತಳಿಯವು, ಇನ್ನರ್ಧ ವಸಾಯಿಯ ಮಾರುಕಟ್ಟೆಯಲ್ಲಿ ‘ಅರ್ವಿ’ ಎಂದು ಮಾರುವ ಸಣ್ಣ ಗಡ್ಡೆಗಳು. ಜುಲೈಯಲ್ಲಿ ಎಲ್ಲವೂ ಚಿಗುರಿ ನಿಂತವು. ಆಗಸ್ಟ್ ಅರ್ಧಕ್ಕೆ ಬರುವಷ್ಟರಲ್ಲಿ ಹೊರಗಿನ ಎಲೆಗಳು ಹಳದಿಯಾಗಿ ದಂಟುಗಳು ಬಾಗಿದವು. ಒಂದು ಬುಡವನ್ನು ಹಿಡಿದು ಎಳೆದಾಗ ಬೇರುಗಳು ನೆಲದಲ್ಲೇ ಕಳಚಿಕೊಂಡು ಗಡ್ಡೆ ಮಾತ್ರ ಸುಲಭವಾಗಿ ಕೈಗೆ ಬಂತು; ಸಿಪ್ಪೆ ಗಟ್ಟಿಯಾಗಿಯೇ ಇತ್ತು, ಬೆರಳಿನಿಂದ ಒತ್ತಿದರೆ ಒಳಗಿನ ತಿರುಳು ಹುಳಿ ಬಂದ ಹಿಟ್ಟಿನಂತೆ ಹೊರಗೆ ಜಾರಿ ಕೆಟ್ಟ ನಾತ ಹೊಡೆಯಿತು. ಅಕ್ಕ ಕೈ ತೊಳೆಯುತ್ತಾ ಕೇಳಿದರು: “ಊರಲ್ಲಿ ಯಾರೂ ನೆಡದಿದ್ರೂ ಬಚ್ಚಲ ಬದಿಯಲ್ಲಿ ಆಗ್ತಿತ್ತು. ಇಲ್ಲಿ ನೆಟ್ಟು ನೋಡಿಕೊಂಡ್ರೂ ಕೊಳೀತದೆ. ಯಾಕೆ ಮಾರಾಯ?”

ಆ ಪ್ರಶ್ನೆಗೆ ಉತ್ತರ ಮೂರು ಭಾಗಗಳಲ್ಲಿ ಸಿಕ್ಕಿತು. ಮೊದಲನೆಯದು ತಳಿಯ ವಿಷಯ. ಕೆಸುವಿನಲ್ಲಿ ದೊಡ್ಡ ತಾಯಿಗಡ್ಡೆ ಬೆಳೆಸಿ ಕೆಸರಿನಲ್ಲಿಯೂ ನಿಲ್ಲಬಲ್ಲ ಬಗೆ ಒಂದು. ಚಿಕ್ಕ ತಾಯಿಗಡ್ಡೆಯ ಸುತ್ತ ಹತ್ತಾರು ಮರಿಗಡ್ಡೆಗಳನ್ನು ಕೊಡುವ, ನೀರು ಬಸಿದು ಹೋಗುವ ಮೇಲ್ನೆಲವನ್ನು ಬಯಸುವ ಬಗೆ ಇನ್ನೊಂದು. ಮಾರುಕಟ್ಟೆಯ ಅರ್ವಿ ಈ ಎರಡನೆಯ ಬಗೆಗೆ ಸೇರಿದ್ದು. ಅದನ್ನು ನಿಂತ ನೀರಿನಲ್ಲಿ ನೆಟ್ಟದ್ದೇ ತಪ್ಪು. ಎರಡನೆಯದು ನೀರಿನ ಚಲನೆ. ಕೆಸರಿನಲ್ಲಿ ಬದುಕುವ ತಳಿಗೂ ಬೇರಿಗೆ ಉಸಿರಾಟ ಬೇಕು. ನೀರು ಹರಿಯುತ್ತಾ ತಂಪಾಗಿದ್ದರೆ ಅದರಲ್ಲಿ ಆಮ್ಲಜನಕ ಕರಗಿರುತ್ತದೆ, ಮಡುಗಟ್ಟಿ ಬಿಸಿಯಾದರೆ ಆಮ್ಲಜನಕ ತಗ್ಗಿ ಪಿಥಿಯಂ ಎಂಬ ಸೂಕ್ಷ್ಮಜೀವಿ ಬೇರು ಮತ್ತು ಗಡ್ಡೆಯನ್ನು ಕೊಳೆಸುತ್ತದೆ. ಹವಾಯಿ ದ್ವೀಪಗಳ ಜನರು ತಮ್ಮ ಕೆಸುವಿನ ಗದ್ದೆಗಳಿಗೆ ತೊರೆಯ ನೀರನ್ನು ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ಹೊರಗೆ ಹರಿಸುವುದು ಇದೇ ಕಾರಣಕ್ಕೆ. ಊರಿನ ಬಚ್ಚಲ ಕಣಿಯಲ್ಲಿಯೂ ನೀರು ನಿಲ್ಲುತ್ತಿರಲಿಲ್ಲ, ತೋಟದ ಕಡೆಗೆ ಹರಿದು ಹೋಗುತ್ತಿತ್ತು ಎಂಬುದು ನನಗೆ ಆಮೇಲೆ ನೆನಪಾಯಿತು.

ಮೂರನೆಯ ಕಾರಣವನ್ನು ನಾನು ಇನ್ನೂ ಗಂಭೀರವಾಗಿ ಪರಿಗಣಿಸುತ್ತೇನೆ. ನಮ್ಮ ಅಜ್ಜಿಯ ಕಾಲದ ಬಚ್ಚಲ ನೀರಿನಲ್ಲಿ ಇದ್ದದ್ದು ಸೀಗೆ, ಕಡಲೆಹಿಟ್ಟು, ಒಲೆಯ ಬೂದಿ. ಇಂದಿನ ಬಟ್ಟೆಯ ಯಂತ್ರದಿಂದ ಬರುವುದು ಸೋಡಿಯಂ ಲವಣಗಳು ತುಂಬಿದ ಡಿಟರ್ಜೆಂಟ್ ನೀರು. ಸೋಡಿಯಂ ಹೆಚ್ಚಾದಂತೆ ಜೇಡಿಮಣ್ಣಿನ ಕಣಗಳು ಬಿಡಿಯಾಗಿ ಅಂಟಿಕೊಂಡು ನೆಲ ಗಾರೆ ಬಳಿದಂತೆ ಬಿಗಿಯುತ್ತದೆ, ನೀರು ಕೆಳಗೆ ಇಳಿಯುವುದೇ ಇಲ್ಲ. ‘ಬಚ್ಚಲ ನೀರು ಕೆಸುವಿಗೆ ಒಳ್ಳೆಯದು’ ಎಂಬ ಹಳೆಯ ತಿಳಿವಳಿಕೆ ಹಳೆಯ ಬಚ್ಚಲ ನೀರಿನ ಬಗ್ಗೆ ಹೇಳಿದ್ದು. ತಿನ್ನುವ ಎಲೆಯ ಬುಡಕ್ಕೆ ಆ ನೀರನ್ನು ಬಿಡಬಾರದೆಂದು ಆ ವರ್ಷವೇ ತೀರ್ಮಾನಿಸಿ, ಕೊಳವೆಯನ್ನು ತಿರುಗಿಸಿ ತೆಂಗಿನ ಮರದಾಚೆಯ ಇಂಗುಗುಂಡಿಗೆ ಬಿಟ್ಟೆವು.

ಎರಡನೆಯ ವರ್ಷ, ಅಂದರೆ 2022ರಲ್ಲಿ, ನಾವು ಎದುರು ದಿಕ್ಕಿಗೆ ವಾಲಿದೆವು. ತಗ್ಗನ್ನು ಮಣ್ಣು ಹಾಕಿ ಎತ್ತರಿಸಿ, ಊರಿನ ತಳಿಯ ಗಡ್ಡೆಗಳನ್ನು ಮಾತ್ರ ಆರಿಸಿ, ಒಂದೊಂದು ಅಡಿಗೆ ಒಂದರಂತೆ ಒತ್ತೊತ್ತಾಗಿ ನೆಟ್ಟೆವು. ಗಡ್ಡೆ ಕೊಳೆಯಲಿಲ್ಲ. ಆದರೆ ಜುಲೈ ಕೊನೆಯಲ್ಲಿ, ಬಿಡದೆ ಮಳೆ ಸುರಿದ ಒಂದು ವಾರದ ನಂತರ, ಎಲೆಗಳ ಮೇಲೆ ಬಟ್ಟೆಗೆ ನೀರು ತಾಗಿದಂತೆ ಕಾಣುವ ಕಪ್ಪು ಮಚ್ಚೆಗಳು ಕಾಣಿಸಿಕೊಂಡವು. ಬೆಳಿಗ್ಗೆ ಬೇಗ ಹೋಗಿ ನೋಡಿದರೆ ಮಚ್ಚೆಯ ಅಂಚಿನಲ್ಲಿ ಬಿಳಿಯ ಬೂಸು, ನಡುವೆ ಜೇನಿನ ಬಣ್ಣದ ಸಣ್ಣ ಸಣ್ಣ ಹನಿಗಳು. ಹೊತ್ತೇರಿದ ಮೇಲೆ ಆ ಹನಿಗಳು ಒಣಗಿ ಕಂದು ಬಣ್ಣದ ಹರಳಾಗಿ, ಬೆರಳು ತಾಗಿದರೆ ಉದುರುತ್ತಿದ್ದವು. ಹತ್ತು ದಿನಗಳೊಳಗೆ ಪಾತಿಯ ಮುಕ್ಕಾಲು ಎಲೆಗಳು ಸುಟ್ಟಂತಾಗಿ ಜೋತುಬಿದ್ದವು.

ಇದು ಕೆಸುವಿನ ಎಲೆಅಂಗಮಾರಿ. ಇದರ ಕಾರಣಜೀವಿ ಫೈಟಾಫ್ತೊರಾ ಕೊಲೊಕೇಸಿಯೆ. ಜಾವಾದಿಂದ 1900ರಲ್ಲಿ ಇದನ್ನು ಮೊದಲು ವರ್ಣಿಸಲಾಯಿತು, 1993ರಲ್ಲಿ ಸಮೋವಾ ದೇಶಕ್ಕೆ ತಲುಪಿ ಅಲ್ಲಿನ ಜನರ ಮುಖ್ಯ ಆಹಾರವಾಗಿದ್ದ ಕೆಸುವಿನ ಬೆಳೆಯನ್ನೇ ಇದು ಹಾಳುಗೆಡವಿತು. ರಾತ್ರಿಯ ತಂಪು ಮತ್ತು ತೇವದಲ್ಲಿ ಬೀಜಕಗಳು ಹುಟ್ಟಿ, ಮಳೆಹನಿ ಸಿಡಿದಾಗ ಎಲೆಯಿಂದ ಎಲೆಗೆ ಹಾರುತ್ತವೆ. ನಾವು ಒತ್ತಾಗಿ ನೆಟ್ಟದ್ದರಿಂದ ಎಲೆಗಳ ನಡುವೆ ಗಾಳಿಯಾಡುತ್ತಿರಲಿಲ್ಲ. ಸಾಲದೆಂಬಂತೆ ಮನೆಯ ಸೂರಿನ ನೀರು ಒಂದು ಸಾಲಿನ ಮೇಲೆ ನೇರವಾಗಿ ಬೀಳುತ್ತಿತ್ತು, ರೋಗ ಮೊದಲು ಕಂಡದ್ದೂ ಆ ಸಾಲಿನಲ್ಲೇ. ಭಾವ ತಾಮ್ರದ ಔಷಧಿ ಹೊಡೆಯೋಣವೆಂದರು. ಗಡ್ಡೆಗಾಗಿ ಬೆಳೆಯುವವರು ಹಾಗೆ ಮಾಡುವುದುಂಟು. ನಮಗೆ ಬೇಕಾದದ್ದು ವಾರವಾರ ಕೊಯ್ದು ತಿನ್ನುವ ಎಲೆಯಾದ್ದರಿಂದ ನಾನು ಒಪ್ಪಲಿಲ್ಲ. ತಿರುವನಂತಪುರದ ಕೇಂದ್ರೀಯ ಗಡ್ಡೆಬೆಳೆ ಸಂಶೋಧನಾ ಸಂಸ್ಥೆಯ ಮುಕ್ತಕೇಶಿ ಎಂಬ ತಳಿ ಈ ರೋಗವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೆ ಅದು ಗಡ್ಡೆಗೆಂದು ಬೆಳೆಸುವ ತಳಿ. ಊರಿನ ಎಲೆಯ ರುಚಿಯನ್ನು ಅಕ್ಕ ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಉಳಿದ ದಾರಿ ಒಂದೇ: ಪಾತಿಯ ರಚನೆಯನ್ನೇ ಬದಲಾಯಿಸುವುದು.

ಆ ಬದಲಾವಣೆಗೆ ದಾರಿ ತೋರಿಸಿದವರು ಪಕ್ಕದ ವಾಡಿಯ ಹಿರಿಯರು. ಭಾವ ಅವರನ್ನು ಕಾಕಾ ಎಂದು ಕರೆಯುತ್ತಾರೆ. ಅವರು ತಮ್ಮ ಬಾಳೆಯ ಬುಡದ ಕಣಿಯಲ್ಲಿ ‘ಅಳು’ ಬೆಳೆಯುತ್ತಾರೆ. ಮರಾಠಿಯಲ್ಲಿ ಕೆಸುವಿಗೆ ಆ ಹೆಸರು. ಕಪ್ಪು ದಂಟಿನ ‘ವಡೀಚೆ ಅಳು’ ಸುರುಳಿ ಸುತ್ತಿ ಕರಿಯುವ ಅಳುವಡಿಗೆ, ಹಸಿರು ದಂಟಿನ ‘ಭಾಜೀಚೆ ಅಳು’ ಕಡಲೆಬೇಳೆ, ಶೇಂಗಾ, ಹುಳಿ ಹಾಕಿ ಮಾಡುವ ತೆಳು ಪಲ್ಯಕ್ಕೆ ಎಂದು ಅವರು ಎರಡನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ನಮ್ಮ ಪಾತಿಯನ್ನು ನೋಡಿ ಅವರು ಹೇಳಿದ್ದು ಒಂದೇ ಮಾತು: “ಪಾಣೀ ಚಾಲತಂ ಪಾಹಿಜೆ.” ನೀರು ನಡೆಯುತ್ತಿರಬೇಕು.

2023ರ ಮೇ ತಿಂಗಳಲ್ಲಿ ಇಳಿಜಾರನ್ನು ಅಳತೆ ಮಾಡಿ ಮೆಟ್ಟಿಲಿನಂತೆ ಕಡಿದೆವು. ಬಾವಿಯಿಂದ ಮೇಲಿನ ತೊಟ್ಟಿಗೆ ನೀರು ಏರಿಸುವಾಗ ಬೆಳಿಗ್ಗೆ ಮತ್ತು ಸಂಜೆ ತುಂಬಿ ಹೊರಚೆಲ್ಲುವ ನೀರನ್ನು ಒಂದು ಗೇಣು ಅಗಲದ ಕಣಿಗೆ ತಿರುಗಿಸಿದೆವು. ಕಣಿ ಪಾತಿಯ ನಡುವೆ ಹಾವಿನಂತೆ ಬಳಸಿ ಬಾವಖಲ್‌ನ ಅಂಚಿಗೆ ಇಳಿಯುತ್ತದೆ. ದಿನವಿಡೀ ಹರಿಯುವಷ್ಟು ನೀರು ನಮ್ಮಲ್ಲಿಲ್ಲ. ದಿನಕ್ಕೆ ಎರಡು ಸಲ ಹಳೆಯ ನೀರು ಹೋಗಿ ಹೊಸ ನೀರು ಬಂದರೆ ಸಾಕೆಂದು ಕಂಡುಬಂತು. ಕೆಸುವನ್ನು ಕಣಿಯ ಎರಡೂ ಬದಿಯ ಕೆಸರಿನಲ್ಲಿ, ನೀರಿನ ಮಟ್ಟಕ್ಕಿಂತ ಮೂರು ನಾಲ್ಕು ಬೆರಳು ಎತ್ತರದಲ್ಲಿ, ಎರಡೂವರೆ ಅಡಿಗೊಂದರಂತೆ ನೆಟ್ಟೆವು. ಸೂರಿನ ನೀರನ್ನು ಬೇರೆಡೆಗೆ ಹರಿಸಲು ದಂಬೆ ಕಟ್ಟಿದೆವು. ಅರ್ವಿಯನ್ನು ಕೆಸರಿನಿಂದ ಪೂರ್ತಿ ಹೊರಗಿಟ್ಟೆವು.

ಜೊತೆಗಿಡಗಳನ್ನು ಆರಿಸಿದ್ದು ಈ ಮೆಟ್ಟಿಲುಗಳನ್ನು ನೋಡಿಯೇ. ‘ಇದು ಇದಕ್ಕೆ ಒಳ್ಳೆಯ ಜೊತೆ’ ಎಂದು ಸಿಗುವ ಪಟ್ಟಿಗಳಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಒಂದು ಗಿಡ ಇನ್ನೊಂದಕ್ಕೆ ಜೊತೆಯಾಗುವುದು ಅದರ ಬೇರು ಯಾವ ಮಟ್ಟದ ನೀರನ್ನು ಸಹಿಸುತ್ತದೆ, ಅದರ ಎಲೆ ಯಾರ ಬಿಸಿಲನ್ನು ತಡೆಯುತ್ತದೆ ಎಂಬುದರಿಂದ. ಏರಿಯ ನೆತ್ತಿಯಲ್ಲಿ ಅರಿಶಿನ ಹಾಕಿದೆವು. ನಾಗರಪಂಚಮಿಯ ಕಡುಬಿಗೆ ಎಲೆ ಸಿಗುತ್ತದೆ ಎಂಬುದು ಅಕ್ಕನ ಲೆಕ್ಕ. ನನ್ನ ಲೆಕ್ಕ ಬೇರೆ ಇತ್ತು: ಅರಿಶಿನದ ಗಡ್ಡೆಯನ್ನೂ ಕೊಳೆಸುವುದು ಪಿಥಿಯಂ ಬಳಗವೇ, ಅರಿಶಿನ ಕೆಸುವಿಗಿಂತ ಬೇಗ ಸೋಲುತ್ತದೆ. ಅರಿಶಿನದ ಕೆಳಗಿನ ಎಲೆಗಳ ಅಂಚು ಅಕಾಲದಲ್ಲಿ ಹಳದಿಯಾದರೆ ಕಣಿ ಎಲ್ಲೋ ಕಟ್ಟಿಕೊಂಡು ನೀರು ಏರಿಗೆ ಹತ್ತಿದೆ ಎಂದು ತಿಳಿಯುತ್ತದೆ. ಆ ಸೆಪ್ಟೆಂಬರಿನಲ್ಲಿ ಹಾಗೆಯೇ ಆಯಿತು. ಹುಡುಕಿ ನೋಡಿದಾಗ ಬಾಳೆಯ ಒಣ ಎಲೆಯೊಂದು ಕಣಿಯ ತಿರುವಿನಲ್ಲಿ ಮಡಚಿ ಕೂತಿತ್ತು. ಕೆಸು ಆಗ ಇನ್ನೂ ಆರೋಗ್ಯವಾಗಿಯೇ ಕಾಣುತ್ತಿತ್ತು.

ಅರಿಶಿನದ ನಡುವೆ ಅಲಸಂದೆ ಬಿತ್ತಿದೆವು. ಅಲಸಂದೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆಂಬುದು ಎಲ್ಲರಿಗೂ ಗೊತ್ತು, ಆದರೆ ಬಳ್ಳಿ ಬದುಕಿರುವಷ್ಟು ದಿನ ಅದರಿಂದ ನೆರೆಯ ಗಿಡಕ್ಕೆ ಸಿಗುವುದು ಅಲ್ಪ. ಕಾಯಿ ಕೊಯ್ದ ಮೇಲೆ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ ಕೆಸುವಿನ ಬುಡಕ್ಕೆ ಹೊದಿಸಿದಾಗಲೇ ಅದು ಗೊಬ್ಬರವಾಗುತ್ತದೆ. ಪಡುವಣ ಬದಿಯಲ್ಲಿ ಬಸಳೆಯ ಚಪ್ಪರ ಹಾಕಿದ್ದರಿಂದ ಮಧ್ಯಾಹ್ನದ ಮೇಲಿನ ಬಿಸಿಲು ಸೋಸಿ ಬಿದ್ದು, ಅಕ್ಟೋಬರಿನ ಸೆಕೆಯಲ್ಲಿ ಕೆಸುವಿನ ಎಲೆ ಬಾಡುವುದು ಕಡಿಮೆಯಾಯಿತು. ಕಣಿ ಬಾವಖಲ್‌ಗೆ ಸೇರುವ ಮೊದಲು ನೀರು ಸ್ವಲ್ಪ ಹೊತ್ತು ನಿಲ್ಲುವ ಚಿಕ್ಕ ಗುಂಡಿಯಲ್ಲಿ ಅಜೋಲ್ಲಾ ಬಿಟ್ಟೆವು. ಅದರ ಎಲೆಯೊಳಗೆ ನೆಲೆಸಿದ ನೀಲಿಹಸಿರು ಪಾಚಿ ಸಾರಜನಕ ಹಿಡಿಯುತ್ತದೆ. ವಾರಕ್ಕೊಮ್ಮೆ ಒಂದು ಬುಟ್ಟಿಯಷ್ಟನ್ನು ಬಾಚಿ ಕೆಸುವಿನ ಬುಡಕ್ಕೆ ಹಾಕುತ್ತೇವೆ. ಸೊಳ್ಳೆಯ ಮರಿಗಳಿಗಾಗಿ ಅದೇ ಗುಂಡಿಯಲ್ಲಿ ಗಪ್ಪಿ ಮೀನುಗಳಿವೆ. ತಾನಾಗಿ ಬಂದ ನಾಳಿ ಸೊಪ್ಪನ್ನು ಮಾತ್ರ ಕಿತ್ತು ತೆಗೆದೆವು: ಅದು ಎರಡು ವಾರದಲ್ಲಿ ಕಣಿಯನ್ನೇ ಮುಚ್ಚಿಬಿಡುತ್ತದೆ, ನೀರಿನಲ್ಲಿ ಭಾರಲೋಹಗಳಿದ್ದರೆ ಅವುಗಳನ್ನೂ ಹೀರಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ.

ಒಂದೆಲಗದ ವಿಷಯದಲ್ಲಿ ನಾನು ತಪ್ಪು ಮಾಡಿದೆ, ಅದನ್ನು ವಿವರವಾಗಿ ಬರೆಯುವುದು ಅಗತ್ಯ. ತುಳುವಿನ ತಿಮರೆ, ಮುಂಬೈಯ ಮಾರುಕಟ್ಟೆಯಲ್ಲಿ ಕೆಲವೊಮ್ಮೆ ಬ್ರಾಹ್ಮಿ ಎಂಬ ಹೆಸರಿನಲ್ಲಿಯೇ ಸಿಗುವ ಈ ಸೊಪ್ಪು, ಕೆಸುವಿನ ಕೆಳಗೆ ನೆಲಹೊದಿಕೆಯಾಗಲು ಹೇಳಿ ಮಾಡಿಸಿದಂತಿದೆ. ಒದ್ದೆಯನ್ನೂ ನೆರಳನ್ನೂ ಇಷ್ಟಪಡುತ್ತದೆ, ಮಣ್ಣು ಸಿಡಿಯುವುದನ್ನು ತಡೆಯುತ್ತದೆ. ಮೂರು ತಿಂಗಳಲ್ಲಿ ಅದು ಚಾಪೆಯಂತೆ ಹಬ್ಬಿತು. ಆ ಚಾಪೆಯ ಕೆಳಗೆ ಆಫ್ರಿಕದ ದೈತ್ಯ ಬಸವನಹುಳುಗಳು ಸೇರಿಕೊಂಡವು. ಮಳೆ ನಿಂತ ಒಂದು ರಾತ್ರಿ ಬ್ಯಾಟರಿ ಹಿಡಿದು ಹೋದಾಗ ಎಲೆಗಳ ಮೇಲೆ ಅವುಗಳ ಲೋಳೆಯ ದಾರಿ ಹೊಳೆಯುತ್ತಿತ್ತು, ಆ ಎಲೆಗಳನ್ನೇ ಮರುದಿನ ಬೆಳಿಗ್ಗೆ ಅಕ್ಕ ಹಸಿಯಾಗಿ ರುಬ್ಬಿ ತಂಬುಳಿ ಮಾಡುವವರಿದ್ದರು. ಬಸವನಹುಳುಗಳು ಇಲಿಯ ಶ್ವಾಸಕೋಶದ ಹುಳುವಿನ ಮರಿಗಳನ್ನು ಹೊತ್ತಿರಬಹುದು. ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರುತ್ತವೆ. ಕೆಸುವನ್ನು ನಾವು ಬೇಯಿಸದೆ ತಿನ್ನುವುದಿಲ್ಲ, ಒಂದೆಲಗವನ್ನು ಬೇಯಿಸಿ ತಿನ್ನುವುದು ಅಪರೂಪ. ಒಂದೇ ಪಾತಿಯಲ್ಲಿ ಬೆಳೆದರೂ ಎರಡಕ್ಕೂ ಒಂದೇ ನಿಯಮ ಸಲ್ಲದು ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು. ಅಂದಿನಿಂದ ತಂಬುಳಿಯ ಒಂದೆಲಗ ಮನೆಯ ಜಗಲಿಯ ಮೇಲೆ, ಕುಂಡಗಳಲ್ಲಿ, ಕುಡಿಯುವ ನೀರಿನಲ್ಲಿ ಬೆಳೆಯುತ್ತದೆ. ಪಾತಿಯಲ್ಲಿರುವುದನ್ನು ತೆಳುವಾಗಿ ಕತ್ತರಿಸಿ ನೆಲಹೊದಿಕೆಯಾಗಿ ಮಾತ್ರ ಬಿಟ್ಟಿದ್ದೇವೆ. ಬಸವನಹುಳುಗಳನ್ನು ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕುತ್ತೇವೆ.

ಅಂಗಮಾರಿ 2023ರಲ್ಲಿಯೂ ಬಂತು. ಆದರೆ ಗಿಡಗಳ ನಡುವೆ ಅಂತರವಿದ್ದುದರಿಂದ, ಮಚ್ಚೆ ಕಂಡ ಎಲೆಯನ್ನು ಮಳೆ ನಿಂತು ಎಲೆ ಒಣಗಿದ ಹೊತ್ತಿನಲ್ಲಿ ಕತ್ತರಿಸಿ ಪಾತಿಯಿಂದ ದೂರ ಹೂಳುತ್ತಿದ್ದುದರಿಂದ, ಅದು ಹರಡದೆ ಅಲ್ಲಲ್ಲೇ ಉಳಿಯಿತು. ಒಂದು ಗಿಡ ಸುಮಾರು ಹತ್ತು ದಿನಕ್ಕೊಂದು ಹೊಸ ಎಲೆ ಬಿಡುತ್ತಿತ್ತು. ಗಿಡದಲ್ಲಿ ಮೂರು ಎಲೆ ಉಳಿಸಿಯೇ ಕೊಯ್ಯಬೇಕೆಂದು ಅಕ್ಕ ನಿಯಮ ಮಾಡಿದರು. ಆ ಆಟಿಯಲ್ಲಿ ಐದು ಸಲ ಪತ್ರೊಡೆಯಾಯಿತು.

ಬಳಕೆಯ ವಿಷಯದಲ್ಲಿ ತುರಿಕೆಯ ಪ್ರಶ್ನೆ ಮುಖ್ಯ. ಕೆಸುವಿನ ಎಲೆ, ದಂಟು, ಗಡ್ಡೆ ಮೂರರಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಸೂಜಿ ಚುಚ್ಚಿದ ಕಡೆ ಅದಕ್ಕೆ ಅಂಟಿಕೊಂಡಿರುವ ಪ್ರೋಟೀನ್ ಸೇರಿ ತುರಿಕೆ ಹೆಚ್ಚುತ್ತದೆ. ಬೇಯಿಸಿದರೆ ಸೂಜಿಗಳು ಪೂರ್ತಿ ಕರಗಿಹೋಗುವುದಿಲ್ಲ, ಆದರೆ ದೀರ್ಘ ಶಾಖದಿಂದ ಪ್ರೋಟೀನ್ ಕೆಡುತ್ತದೆ. ಆದ್ದರಿಂದ ಪತ್ರೊಡೆಯಲ್ಲಿ ಹುಳಿ ಎಷ್ಟು ಮುಖ್ಯವೋ ಬೇಯುವ ಹೊತ್ತು ಅದಕ್ಕಿಂತ ಮುಖ್ಯ. ಅಕ್ಕ ನೆನೆಸಿದ ಅಕ್ಕಿಗೆ ಕೊತ್ತಂಬರಿ, ಜೀರಿಗೆ, ಬ್ಯಾಡಗಿ ಮೆಣಸು, ತೆಂಗಿನತುರಿ, ಅರಿಶಿನ, ಬೆಲ್ಲ, ಕೈತುಂಬ ಹುಣಸೆಹಣ್ಣು ಸೇರಿಸಿ ತರಿಯಾಗಿ ರುಬ್ಬುತ್ತಾರೆ. ಎಲೆಯನ್ನು ಮಗುಚಿ ಹಾಕಿ, ಹಿಂಬದಿಯ ದಪ್ಪ ನರವನ್ನು ಕತ್ತಿಯಿಂದ ಹೆರೆದು, ಹಿಟ್ಟು ಸವರಿ, ಮೇಲೆ ಇನ್ನೊಂದು ಎಲೆಯನ್ನು ತಲೆಕೆಳಗಾಗಿ ಇಟ್ಟು, ಹೀಗೆ ಐದಾರು ಎಲೆ ಪೇರಿಸಿ ಬಿಗಿಯಾಗಿ ಸುತ್ತುತ್ತಾರೆ. ಒಂದು ಗಂಟೆ ಹಬೆಯಲ್ಲಿ ಬೇಯದ ಹೊರತು ಹಬೆಪಾತ್ರೆಯ ಮುಚ್ಚಳ ತೆಗೆಯುವುದಿಲ್ಲ. ದಂಟನ್ನು ನಾರು ತೆಗೆದು ಬಿಂಬುಳಿ ಹಾಕಿ ಹುಳಿ ಮಾಡುತ್ತಾರೆ. ಗಡ್ಡೆ ಹೆಚ್ಚುವ ಮೊದಲು ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಾರೆ. ಭಾವನಿಗೆ ಹಿಂದೆ ಮೂತ್ರಪಿಂಡದ ಕಲ್ಲು ಆಗಿದ್ದುದರಿಂದ ವೈದ್ಯರು ಆಕ್ಸಲೇಟ್ ಇರುವ ಸೊಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ಅವರ ಪಾಲಿಗೆ ಎರಡು ಹೋಳು, ಜೊತೆಗೆ ಒಂದು ಬಟ್ಟಲು ಮೊಸರು. ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟ್ ಅನ್ನು ಕಟ್ಟಿಹಾಕುತ್ತದೆ.

2024ರ ಜುಲೈಯಲ್ಲಿ ಪಾತಿಯ ನಿಜವಾದ ಪರೀಕ್ಷೆ ಬಂತು. ಜೋರು ಮಳೆಗೆ ಬಾವಖಲ್ ಉಕ್ಕಿ ಕೆಳಗಿನ ಎರಡು ಮೆಟ್ಟಿಲು ಎರಡು ದಿನ ಮುಳುಗಿದವು, ನೆರೆಯ ವಸತಿ ಸಮುಚ್ಚಯದ ಗಟಾರದ ನೀರೂ ಅದರಲ್ಲಿ ಬೆರೆತಿತ್ತು. ನೀರು ಇಳಿದಾಗ ಕೆಸು ಏನೂ ಆಗದಂತೆ ನಿಂತಿತ್ತು, ಎಲೆಗಳು ತೊಳೆದಂತೆ ಹೊಳೆಯುತ್ತಿದ್ದವು. ಆ ಹೊಳಪನ್ನು ನಂಬಬಾರದೆಂದು ನಾನು ಖಡಾಖಂಡಿತವಾಗಿ ಹೇಳಿದೆ. ಮುಂಬೈಯಲ್ಲಿ ರೈಲುಹಳಿಗಳ ಬದಿಯಲ್ಲಿ ಚರಂಡಿಯ ನೀರಿನಿಂದ ಬೆಳೆದ ಸೊಪ್ಪು ಎಷ್ಟು ಹಸಿರಾಗಿ ಕಾಣುತ್ತದೆಂಬುದನ್ನು ಲೋಕಲ್‌ನಲ್ಲಿ ಓಡಾಡುವ ಪ್ರತಿಯೊಬ್ಬರೂ ಕಂಡಿದ್ದಾರೆ; ಒದ್ದೆನೆಲದ ಗಿಡ ಕೊಳಕು ನೀರಿನಲ್ಲಿ ಕೊಬ್ಬುತ್ತದೆ, ಕೊಬ್ಬಿದ್ದು ತಿನ್ನಲು ತಕ್ಕದ್ದೆಂದು ಅರ್ಥವಲ್ಲ. ಕೆಳಗಿನ ಎರಡು ಮೆಟ್ಟಿಲುಗಳ ಎಲೆಗಳನ್ನೆಲ್ಲ ಕತ್ತರಿಸಿ ಹೂಳಿದೆವು, ಆ ಋತುವಿನಲ್ಲಿ ಅಲ್ಲಿಂದ ಎಲೆಯನ್ನಾಗಲಿ ಗಡ್ಡೆಯನ್ನಾಗಲಿ ಅಡಿಗೆಮನೆಗೆ ತರಲಿಲ್ಲ. ಮೇಲಿನ ಮೆಟ್ಟಿಲಿನ ಎಂಟು ಬುಡಗಳಲ್ಲಿಯೇ ಆಟಿ ಕಳೆಯಿತು. ಅಕ್ಕನಿಗೆ ಬೇಸರವಾಯಿತು, ಆದರೂ ವಾದಿಸಲಿಲ್ಲ. ಬಾವಖಲ್‌ನ ಕಡೆಯಿಂದ ಒಂದೂವರೆ ಅಡಿ ಎತ್ತರದ ಮಣ್ಣಿನ ದಂಡೆಯನ್ನು ಆಮೇಲೆ ಕಟ್ಟಿಸಿದೆವು, ದಂಡೆಯ ಮೇಲೆ ಲಾವಂಚ ನೆಟ್ಟಿದ್ದೇವೆ.

ಪರಿಹಾರವಾಗದೆ ಉಳಿದಿರುವುದು ಬೇಸಿಗೆಯ ಉಪ್ಪು. ವಸಾಯಿಯ ಬಾವಿಗಳಿಂದ ಟ್ಯಾಂಕರುಗಳು ನೀರೆತ್ತಿ ಸಾಗಿಸುವುದರ ವಿರುದ್ಧ 1980ರ ದಶಕದ ಕೊನೆಯಲ್ಲಿ ಫಾದರ್ ಫ್ರಾನ್ಸಿಸ್ ದಿಬ್ರಿಟೊ ಅವರ ಮುಂದಾಳುತನದಲ್ಲಿ ಇಲ್ಲಿಯ ಜನರು ದೊಡ್ಡ ಚಳವಳಿ ನಡೆಸಿದ್ದರು. ನೆಲದಡಿಯ ಸಿಹಿನೀರು ಬರಿದಾದಷ್ಟೂ ಸಮುದ್ರದ ನೀರು ಒಳಗೆ ಸರಿಯುತ್ತದೆ ಎಂಬುದನ್ನು ಅಕ್ಕನ ಬಾವಿಯೂ ಪ್ರತಿವರ್ಷ ಏಪ್ರಿಲಿನಲ್ಲಿ ತೋರಿಸುತ್ತದೆ. ಆಗ ಚಹಾದಲ್ಲಿಯೇ ಉಪ್ಪು ತಿಳಿಯುತ್ತದೆ, ಕೆಸುವಿನ ಎಲೆಯ ಅಂಚು ಕಂದಾಗಿ ಸುರುಟುತ್ತದೆ. ಆ ನೀರನ್ನು ಕಣಿಗೆ ಬಿಡುವುದರಲ್ಲಿ ಅರ್ಥವಿಲ್ಲ. ಜನವರಿಯಲ್ಲಿ ಅರಿಶಿನ ಮತ್ತು ಕೆಸು ಎರಡನ್ನೂ ಕಿತ್ತು, ತಿನ್ನಲು ಬೇಕಾದಷ್ಟನ್ನು ತೆಗೆದುಕೊಂಡು, ಬಿತ್ತನೆಯ ಗಡ್ಡೆಗಳನ್ನು ನೆರಳಿನಲ್ಲಿ ಮರಳು ತುಂಬಿದ ಮರದ ಪೆಟ್ಟಿಗೆಯಲ್ಲಿ ಇಡುವ ಕ್ರಮವನ್ನು ಈಗ ಹಿಡಿದಿದ್ದೇವೆ. ಮೇ ಕೊನೆಯ ವಾರ ನಾನು ಹೋದಾಗ ಅಕ್ಕ ಪೆಟ್ಟಿಗೆಯ ಮರಳು ಸರಿಸಿ ಒಂದೊಂದೇ ಗಡ್ಡೆಯನ್ನು ಒತ್ತಿ ನೋಡುತ್ತಿದ್ದರು. ನಲವತ್ತೊಂದು ಗಡ್ಡೆಗಳಲ್ಲಿ ಮೂರು ಮೆತ್ತಗಾಗಿದ್ದವು. ಉಳಿದವುಗಳ ತುದಿಯಲ್ಲಿ ಗುಲಾಬಿ ಬಣ್ಣದ ಮೊಳಕೆ ಅಕ್ಕಿಕಾಳಿನಷ್ಟು ಹೊರಬಂದಿತ್ತು. ಭಾವ ಹಾರೆ ಹಿಡಿದು ಕಣಿಯ ಹೂಳು ತೆಗೆಯಲು ಶುರುಮಾಡಿದ್ದರು.